ಸೀರೆಗಿಲ್ಲದ ಸೈಜು ಪ್ಯಾಂಟಿಗೆ ಬಂದದ್ದು ಹೇಗೆ?

ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪ್ರಶ್ನೆಗಳಲ್ಲಿ ಪರೀಕ್ಷೆ, ಉದ್ಯೋಗ, ಆರೋಗ್ಯ ಇವೇ ಹೆಚ್ಚು. ಪಿರಿಯಾಪಟ್ಟಣದ ಕಡೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಮಾತ್ರ ಬೇರೆಯಾಗಿತ್ತು. "ನನ್ನ ಎತ್ತರ ಐದಡಿ. ಬೇಸಿಗೆಯಲ್ಲಿ ಪ್ಯಾಂಟು ಹಾಕಿಕೊಂಡು ಕಾಲೇಜಿಗೆ ಹೋಗಬೇಕೆಂದು ಆಸೆ. ಅಂಗಡಿಯಲ್ಲಿ ಯಾವುದನ್ನು ಹಾಕಿ ನೋಡಿದರೂ ನೆಲ ಗುಡಿಸುತ್ತದೆ. ಕುಳ್ಳಗಿರುವವರಿಗೆ ಒಪ್ಪುವ ಪ್ಯಾಂಟು ಯಾವುದು?" ಚರ್ಚೆಗೆ ಬಂದಿದ್ದವರಲ್ಲಿ ಇಬ್ಬರು ನಕ್ಕರು. ಇದೂ ಒಂದು ಪ್ರಶ್ನೆಯೇ ಎಂಬಂತಿತ್ತು ಆ ನಗು. ನನಗೇನೋ ಅದರಲ್ಲಿ ಇತಿಹಾಸದ ಒಂದು ಒಳ್ಳೆಯ ಪಾಠವೇ ಅಡಗಿದೆ ಎನ್ನಿಸಿತು. ಆ ದಿನ ಸಮಯ ಸಾಲದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ಹುಡುಗಿಯ ಅಜ್ಜಿ ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ಅಜ್ಜಿ ಉಟ್ಟದ್ದು ಸೀರೆ. ಹದಿನಾರು ಮೊಳವೋ ಹದಿನೆಂಟು ಮೊಳವೋ, ಉದ್ದದಲ್ಲಿ ವ್ಯತ್ಯಾಸವಿದ್ದೀತು. ಆದರೆ ಆರಡಿಯವಳಿಗೆ ಒಂದು ಸೀರೆ, ನಾಲ್ಕೂಮುಕ್ಕಾಲು ಅಡಿಯವಳಿಗೆ ಇನ್ನೊಂದು ಎಂದು ಯಾವ ನೇಕಾರನೂ ನೇಯಲಿಲ್ಲ. ಎತ್ತರದವಳು ಸೀರೆಯ ಪನ್ನವನ್ನು ಪೂರ್ತಿ ಇಳಿಬಿಟ್ಟು ಉಟ್ಟರೆ, ಕುಳ್ಳಗಿರುವವಳು ನಡುವಿನ ಬಳಿ ಒಂದು ಮಡಿಕೆ ಹೆಚ್ಚಿಗೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಮುಗಿಯಿತು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿಗೆಂದು ಕೆಸರಿಗಿಳಿಯುವಾಗ ಅದೇ ಸೀರೆ ಮಂಡಿಗೇರುತ್ತದೆ, ಗದ್ದೆಯಿಂದ ಬದುವಿಗೆ ಬಂದಾಗ ಪಾದಕ್ಕಿಳಿಯುತ್ತದೆ. ಪಕ್ಕದ ಕೊಡಗಿನಲ್ಲಿ ನೆರಿಗೆಯನ್ನು ಬೆನ್ನ ಹಿಂದಕ್ಕೆ ಹಾಕುತ್ತಾರೆ. ಉತ್ತರ ಕರ್ನಾಟಕದ ಕಚ್ಚೆಯಂತೂ ಎರಡು ಕಾಲಿಗೂ ಬೇರೆ ಬೇರೆಯಾಗಿ ಸುತ್ತಿಕೊಳ್ಳುವ ಉಡುಗೆ. ಹೊಲಿಗೆಯಿಲ್ಲದ ಪ್ಯಾಂಟು ಎಂದರೂ ತಪ್ಪಾಗದು. ಇವೆಲ್ಲವುಗಳಲ್ಲೂ ಬಟ್ಟೆ ಮೈಗೆ ಹೊಂದಿಕೊಳ್ಳುತ್ತದೆ. ಮೈ ಬಟ್ಟೆಗೆ ಹೊಂದಿಕೊಳ್ಳಬೇಕಾಗಿಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋದವರು ಇದೇ ಜಾಣತನವನ್ನು ಇನ್ನೊಂದು ರೂಪದಲ್ಲಿ ನೋಡಿರುತ್ತಾರೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಭೂಮಿಯಲ್ಲಿ ಟಿಬೆಟನ್ ನಿರಾಶ್ರಿತರು ಅಲ್ಲಿ ನೆಲೆಸಿದರು. 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆಯಾಯಿತು. ಅವರ ಹೆಂಗಸರು ತೊಡುವ ಚುಬಾ ಎಂಬ ನಿಲುವಂಗಿಯನ್ನು ಮೈಗೆ ಸುತ್ತಿ ಸೊಂಟದಲ್ಲಿ ಬಿಗಿದು ಕಟ್ಟುತ್ತಾರೆ. ದಪ್ಪಗಾದರೂ ತೆಳ್ಳಗಾದರೂ ಸುತ್ತು ಹೆಚ್ಚು ಕಡಿಮೆಯಾಗುತ್ತದೆ, ಅಷ್ಟೆ. ಹಿಮದ ನಾಡಿನಲ್ಲಿ ಉಣ್ಣೆಯದಾಗಿದ್ದ ಈ ಉಡುಗೆ ನಮ್ಮ ಸೆಖೆಗೆ ಬಂದ ಮೇಲೆ ತೆಳುವಾದ ಬಟ್ಟೆಯಲ್ಲಿ, ತೋಳಿಲ್ಲದೆ ಹೊಲಿಸಿಕೊಳ್ಳುವಂಥದಾಯಿತು. ಅವರ ಮೊಮ್ಮಕ್ಕಳು ಈಗ ಜೀನ್ಸ್ ತೊಡುತ್ತಾರೆ. ಆ ಹುಡುಗಿಯರಿಗೂ ಅಂಗಡಿಯಲ್ಲಿ ನಮ್ಮ ವಿದ್ಯಾರ್ಥಿನಿಯ ತೊಂದರೆಯೇ.

ಹಾಗಾದರೆ ಕಾಲಿಗೆ ಹೊಲಿದ ಬಟ್ಟೆಯೇ ತಪ್ಪೇ? ಹಾಗೇನೂ ಇಲ್ಲ. ಪಾಯಜಾಮ ಎಂಬುದು ಪಾರಸಿ ಮಾತು. ಪಾಯ್ ಎಂದರೆ ಕಾಲು, ಜಾಮ ಎಂದರೆ ಉಡುಪು. ಇಂಗ್ಲಿಷರು ಮಾತನ್ನೂ ಉಡುಪನ್ನೂ ನಮ್ಮಿಂದಲೇ ಕೊಂಡೊಯ್ದರು. ಅದರ ನಡುವಿಗೆ ಲಾಡಿ ಇರುವುದರಿಂದ ಸುತ್ತಳತೆಯ ಚಿಂತೆಯಿಲ್ಲ. ಚೂಡಿದಾರದ ಉಪಾಯ ಇನ್ನೂ ಸೊಗಸು. ಕಾಲಿಗಿಂತ ಉದ್ದವಾಗಿಯೇ ಹೊಲಿದು, ಮಿಕ್ಕ ಬಟ್ಟೆ ಪಾದದ ಗಂಟಿನ ಮೇಲೆ ಬಳೆಗಳಂತೆ ಸುರುಳಿಯಾಗುವಂತೆ ಬಿಡುತ್ತಾರೆ. ಚೂಡಿ ಎಂದರೆ ಬಳೆಯೇ. ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದರಿಂದ ಅದು ಸ್ವಲ್ಪ ಹಿಗ್ಗುತ್ತದೆ ಕೂಡ. ಉದ್ದ ಹೆಚ್ಚಾದರೆ ಎರಡು ಬಳೆ ಹೆಚ್ಚು! 1980-90ರ ದಶಕಗಳಲ್ಲಿ ಲಂಗ-ದಾವಣಿಯ ಜಾಗಕ್ಕೆ ಈ ಉಡುಪು ನಮ್ಮ ಹಳ್ಳಿಗಳ ಕಾಲೇಜು ಹುಡುಗಿಯರವರೆಗೂ ಬಂದಾಗ ಎತ್ತರದ ಪ್ರಶ್ನೆ ಏಳದೇ ಇದ್ದದ್ದಕ್ಕೆ ಇದೂ ಒಂದು ಕಾರಣ. ಆಗ ಬಟ್ಟೆ ಕೊಂಡು ಟೈಲರ್ ಹತ್ತಿರ ಹೊಲಿಸುತ್ತಿದ್ದುದು ಇನ್ನೊಂದು ಕಾರಣ.

ಗಂಡಸರ ಉಡುಪು ನಮ್ಮ ಹೆಂಗಸರ ಮೈಮೇಲೆ ಮೊದಲು ಬಂದದ್ದು ಹೊಲದಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಷರ್ಟು ತೊಟ್ಟು ಕೆಲಸ ಮಾಡುವವರನ್ನು ಯಾರೂ ನೋಡಬಹುದು. ಅದು ಬಿಸಿಲಿಗೂ ಆಯಿತು, ಎಲೆಯ ಅಂಟಿಗೂ ಆಯಿತು. ಒದ್ದೆಯಾದ ಹೊಗೆಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ಆ ಷರ್ಟಿಗೆ ಊರಿನಲ್ಲಿ ಯಾರೂ ಆಕ್ಷೇಪವೆತ್ತಲಿಲ್ಲ. ಮಗಳು ಪ್ಯಾಂಟು ತೊಟ್ಟು ಬಸ್ಸು ಹತ್ತಿದರೆ ಮಾತ್ರ ಕಟ್ಟೆಯ ಮೇಲೆ ಕುಳಿತವರು ಕತ್ತು ತಿರುಗಿಸುತ್ತಾರೆ.

ಇನ್ನು ಸೈಜಿನ ಕಥೆ. ಇದು ಹೆಂಗಸರಿಂದಲ್ಲ, ಸೈನಿಕರಿಂದ ಆರಂಭವಾಯಿತು. ಸೈನ್ಯಕ್ಕೆ ಸರಕು ಮಾಡುವಾಗ ತೊಡುವವನನ್ನು ಎದುರಿಗೆ ನಿಲ್ಲಿಸಿ ಅಳೆಯಲಾಗದು. ನಮ್ಮ ಹುಣಸೂರಿಗೇ ಇದರ ನಂಟಿದೆ. 19ನೆಯ ಶತಮಾನದಲ್ಲಿ ಅಲ್ಲಿ ಬ್ರಿಟಿಷ್ ಸೈನ್ಯದ ಸರಬರಾಜು ಇಲಾಖೆಯ ದೊಡ್ಡ ನೆಲೆಯಿತ್ತು. ಅಮೃತಮಹಲ್ ದನಗಳ ಸಾಕಣೆಯ ಜೊತೆಗೆ ಚರ್ಮ ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳಿದ್ದವು. 1864ರಲ್ಲಿ ಆ ನೆಲೆಯನ್ನು ಮುಚ್ಚಿದರು. ಅದೇ ಕಾಲಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು (1861-65). ಲಕ್ಷಾಂತರ ಸಮವಸ್ತ್ರಗಳು ಬೇಕಾದಾಗ ಸೈನಿಕರ ಅಳತೆಗಳನ್ನು ಗುಂಪುಗೂಡಿಸಿ ಕೆಲವೇ ಸೈಜುಗಳಲ್ಲಿ ಹೊಲಿದರು. ಯುದ್ಧ ಮುಗಿದ ಮೇಲೆ ಅದೇ ಪದ್ಧತಿ ಅಂಗಡಿಯ ಸಿದ್ಧ ಉಡುಪಿಗೆ ಬಂತು.

ಹೆಂಗಸರ ಸರದಿ ಬಹಳ ತಡವಾಗಿ ಬಂತು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಸ್ತ್ರೀಯರನ್ನು, ಒಬ್ಬೊಬ್ಬರಿಗೂ 59 ಅಳತೆಗಳಂತೆ, ಅಳೆಸಿತು. 1941ರಲ್ಲಿ ವರದಿ ಪ್ರಕಟವಾಯಿತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಸ್ತ್ರೀಯರ ಅಳತೆಗಳನ್ನು ಮಾತ್ರ. ಅದರ ಆಧಾರದಿಂದ 1958ರಲ್ಲಿ ಸೈಜುಗಳ ಮಾನಕವೊಂದು ಬಂತು, 1983ರಲ್ಲಿ ಅದನ್ನು ಕೈಬಿಟ್ಟರು. ಆದರೂ ಸೈಜಿನ ಕಲ್ಪನೆ ಲೋಕವನ್ನೆಲ್ಲ ಸುತ್ತಿಬಿಟ್ಟಿತ್ತು. ಆ ಲೆಕ್ಕದಲ್ಲಿ 5 ಅಡಿ 4 ಅಂಗುಲಕ್ಕಿಂತ ಕಡಿಮೆ ಇರುವವಳು 'ಪೆಟೀಟ್', ಎಂದರೆ ಪುಟ್ಟ ಮೈಕಟ್ಟಿನವಳು. ಅವಳಿಗೆ ಅಂಗಡಿಯಲ್ಲಿ ಬೇರೆ ಮೂಲೆ.

ಈಗ ನಮ್ಮ ಲೆಕ್ಕ ನೋಡೋಣ. ಲೋಕದ ಎತ್ತರಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ 1996ರಲ್ಲಿ ಹುಟ್ಟಿದ ಭಾರತೀಯ ಹೆಣ್ಣುಮಗಳ ಸರಾಸರಿ ಎತ್ತರ ಸುಮಾರು 153 ಸೆಂ.ಮೀ. ಅದು ಐದಡಿ. ಪ್ರಶ್ನೆ ಕೇಳಿದ ಹುಡುಗಿ ಕುಳ್ಳಿಯಲ್ಲ. ಈ ದೇಶದ ನಡುಮಟ್ಟದ ಎತ್ತರದವಳು! ಕುಳ್ಳಗೆ ಮಾಡಿದ್ದು ಅವಳನ್ನು ಅಳೆಯದೆ ಹೊಲಿದ ಪ್ಯಾಂಟು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ನೂರು ವರ್ಷಗಳಲ್ಲಿ ದಕ್ಷಿಣ ಕೊರಿಯಾದ ಹೆಂಗಸರ ಎತ್ತರ ಸರಾಸರಿ 20 ಸೆಂ.ಮೀ. ಏರಿತು, ನಮ್ಮ ಹೆಂಗಸರದು ಸುಮಾರು 5 ಸೆಂ.ಮೀ. ಒಂದು ಜನಾಂಗದ ಎತ್ತರದಲ್ಲಿ ರಕ್ತದ ಪಾಲಿರುವಂತೆ ಹಾಲು, ಮೊಟ್ಟೆ, ಬೇಳೆ, ಬಾಲ್ಯದ ಕಾಯಿಲೆಗಳ ಪಾಲೂ ಇದೆ. ಮನೆಯಲ್ಲಿ ಮೊದಲ ಲೋಟದ ಹಾಲು ಯಾರಿಗೆ ಹೋಯಿತು ಎಂಬುದೂ ಇದರಲ್ಲಿ ಸೇರುತ್ತದೆ.

ನಮ್ಮ ದೇಶದ್ದೇ ಸೈಜುಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ಯೋಜನೆಯೊಂದನ್ನು ಪ್ರಕಟಿಸಿತು. ಆರು ನಗರಗಳಲ್ಲಿ 25,000 ಜನರನ್ನು ಯಂತ್ರದಿಂದ ಅಳೆಯುವ ಯೋಜನೆ ಅದು. ಆ ಆರರಲ್ಲಿ ಬೆಂಗಳೂರು ಇದೆ. ಹುಣಸೂರಾಗಲಿ ಕೋಟೆಯಾಗಲಿ ಇಲ್ಲ. ಮೈಸೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊರದೇಶಗಳಿಗೆಂದು ಬಟ್ಟೆ ಹೊಲಿಯುವವರೋ ಸುತ್ತಲ ತಾಲ್ಲೂಕುಗಳ ಹೆಣ್ಣುಮಕ್ಕಳೇ!

ಸರಿ, ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಐದಡಿಯವಳಿಗೆ ಒಳಗಾಲಿನ ಉದ್ದ ಸುಮಾರು 26-27 ಅಂಗುಲ ಸಾಕು. ಅಂಗಡಿಯ ಪ್ಯಾಂಟು ಹೆಚ್ಚಾಗಿ 30ರ ಆಸುಪಾಸಿನದು. ಕೆಳಗೆ ನಾಲ್ಕು ಅಂಗುಲ ಕತ್ತರಿಸಿ ಮಡಿಸಿದರಾಯಿತು ಎನ್ನುತ್ತೀರಿ. ಆಗುವುದಿಲ್ಲ. ಪ್ಯಾಂಟಿನ ಮಂಡಿಯ ಜಾಗ ನಿಮ್ಮ ಮಂಡಿಗಿಂತ ಕೆಳಗೇ ಉಳಿಯುತ್ತದೆ, ಕೆಳಕ್ಕೆ ಕಿರಿದಾಗುತ್ತ ಬರುವ ಆಕಾರ ಕತ್ತರಿಸಿದ ತುಂಡಿನ ಜೊತೆ ಹೋಗುತ್ತದೆ, ನಡುವಿನಿಂದ ತೊಡೆಯ ಸಂದಿನವರೆಗಿನ ಆಳ ಹೆಚ್ಚಾಗಿ ಜೋಲುತ್ತದೆ. ಕನ್ನಡಿಯಲ್ಲಿ ಕಾಲು ಮೋಟಾಗಿ ಕಾಣುವುದು ಈ ಮೂರರಿಂದ, ಎತ್ತರದಿಂದಲ್ಲ. ಆದ್ದರಿಂದ ಬಟ್ಟೆ ಕೊಂಡು ಹೊಲಿಸುವುದೇ ಮೇಲು. ನಡುವಿನ ಪಟ್ಟಿ ಸಹಜ ನಡುವಿನಲ್ಲೇ ನಿಲ್ಲಲಿ. ಕೆಳಗಿದ್ದರೆ ಕಾಲು ಅಷ್ಟು ಗಿಡ್ಡವಾಗಿ ತೋರುತ್ತದೆ. ಅಂಚು ಪಾದದ ಗಂಟಿನ ತುಸು ಮೇಲಕ್ಕೆ ನಿಂತರೆ ಗಾಳಿಗೂ ಅನುಕೂಲ. ತೊಡೆಯ ಬಳಿ ಸಡಿಲವಿದ್ದು ಕೆಳಗೆ ಮಿತವಾಗಿ ಕಿರಿದಾಗಲಿ. ತೊಡೆಯ ಪಕ್ಕ ದೊಡ್ಡ ಜೇಬು ಬೇಡ.

ಅಡ್ಡಗೆರೆ ಬೇಡ, ಉದ್ದಗೆರೆಯೇ ಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಅಡ್ಡಗೆರೆ ತುಂಬಿದ ಚೌಕ ಇನ್ನೂ ಎತ್ತರವಾಗಿ ಕಾಣುತ್ತದೆಂದು ತೋರಿಸಿದ. ಉಡುಪು ತೊಟ್ಟ ಮೈಯ ಚಿತ್ರಗಳ ಮೇಲೆ 2011ರಲ್ಲಿ ಬಂದ ಪ್ರಯೋಗವೂ ಅಡ್ಡಗೆರೆ ಮೈಯನ್ನು ಅಗಲಿಸುವುದಿಲ್ಲವೆಂದಿತು. ನಮ್ಮ ಸ್ಟುಡಿಯೋದಲ್ಲಿ ಸಣ್ಣ ಗೆರೆಯ ಬಟ್ಟೆ ಬೇಡವೆನ್ನುತ್ತೇವೆ. ಅದು ತೆರೆಯ ಮೇಲೆ ಗೆರೆಗಳು ಮಿರುಗಿ ಕುಣಿಯುತ್ತವೆಂದು, ನೀವು ದಪ್ಪ ಕಾಣುತ್ತೀರೆಂದಲ್ಲ.

ಬೇಸಿಗೆಗೆ ಹತ್ತಿಯೇ ಸರಿ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8ರಷ್ಟು ತೇವ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಅರ್ಧಕ್ಕಿಂತಲೂ ಕಡಿಮೆ. ಚರ್ಮಕ್ಕೂ ಬಟ್ಟೆಗೂ ನಡುವೆ ಗಾಳಿಯಾಡಿದರೆ ಬೆವರು ಆರುತ್ತದೆ, ಮೈ ತಣಿಯುತ್ತದೆ. ಮೈಗಂಟುವ ಲೆಗ್ಗಿಂಗ್ಸ್‌ನಲ್ಲಿ ಆ ಜಾಗವೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಬಸ್ಸಿನಲ್ಲಿ ಕೋಟೆಯಿಂದ ಹೊರಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಹತ್ತಿ ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿಯೇ ಟೈಲರಿಗೆ ಕೊಡಿ. ಹೊಲಿದ ಮೇಲೆ ಕುಗ್ಗಿದರೆ ಅಂಗುಲ ಹೋದಂತೆ.

ಹುಣಸೂರಿನ ಟೈಲರೊಬ್ಬರ ಮುಂದೆ ಈ ಸೈಜಿನ ಮಾತೆತ್ತಿದೆ. ಅವರ ಪುಸ್ತಕದಲ್ಲಿ ಹೆಸರುಗಳ ಎದುರಿಗೆ ಅಂಗುಲಗಳಿದ್ದವು. ದೊಡ್ಡದು, ಚಿಕ್ಕದು ಎಂಬ ಮಾತೆಲ್ಲೂ ಇರಲಿಲ್ಲ. ಹೈಸ್ಕೂಲು ಹುಡುಗಿಯರ ಸಮವಸ್ತ್ರಕ್ಕೆ ಅವರು ಅಂಚಿನೊಳಗೆ ಎರಡು ಅಂಗುಲ ಬಟ್ಟೆ ಮಡಿಸಿ ಬಿಡುತ್ತಾರಂತೆ, ಹಿಂದೆ ಲಂಗಕ್ಕೆ ಬಿಡುತ್ತಿದ್ದಂತೆಯೇ. "ಮುಂದಿನ ವರ್ಷ ಬಿಚ್ಚಿ ಇಳಿಸಿಕೊಡ್ತೀನಿ ಸಾರ್. ಬೆಳೆಯೋ ಮಕ್ಕಳು" ಎಂದು ಹೇಳಿ ಕತ್ತರಿ ಕೈಗೆತ್ತಿಕೊಂಡರು.