ಮೊಬೈಲ್ ತೆರೆಯ ಸಿದ್ಧ ಘಟಕಗಳು ಮತ್ತು ಅವುಗಳ ಮಿತಿ: 2008–2018

ಯಂತ್ರಸಾಧನಗಳ ಇತಿಹಾಸವನ್ನು ಬರೆಯುವಾಗ ತಯಾರಕರು ಏನನ್ನು ಕೊಟ್ಟರೆಂಬುದನ್ನಷ್ಟೇ ಗಮನಿಸುವುದು ವಾಡಿಕೆ. ಅವರು ಏನನ್ನು ಕೊಡಲಿಲ್ಲ, ಆ ಕೊರತೆಯನ್ನು ಯಾರು ತುಂಬಿದರು ಎಂಬುದೂ ಅಷ್ಟೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಮೊಬೈಲ್ ಆ್ಯಪ್‌ಗಳ ಅಲ್ಪಕಾಲದ ಚರಿತ್ರೆ ಇದಕ್ಕೆ ನಿದರ್ಶನವಾಗಿದೆ.

2008ರ ಮಾರ್ಚ್ ತಿಂಗಳಲ್ಲಿ ಆಪಲ್ ಸಂಸ್ಥೆಯು ಐಫೋನಿನ ಆ್ಯಪ್ ರಚನೆಗೆ ಬೇಕಾದ ಸಾಧನಗಳನ್ನು ಹೊರಗಿನವರಿಗೂ ತೆರೆದಿಟ್ಟಿತು. ಗುಂಡಿ, ಪಟ್ಟಿ, ಪಠ್ಯಪೆಟ್ಟಿಗೆ ಮೊದಲಾದ ಸಿದ್ಧ ಘಟಕಗಳು, ಅಂದರೆ ವಿಜೆಟ್‌ಗಳು, ಯುಐಕಿಟ್ ಎಂಬ ಸಂಗ್ರಹದಲ್ಲಿ ದೊರೆತವು. ಇವುಗಳಿಂದ ಶ್ರಮ ಉಳಿಯಿತು, ಏಕರೂಪತೆಯೂ ಬಂದಿತು. ಆದರೆ ತಯಾರಕರು ಊಹಿಸದ ಬಳಕೆಗೆ ಅಲ್ಲಿ ಎಡೆಯಿರಲಿಲ್ಲ. ಪಟ್ಟಿಯನ್ನು ಕೆಳಕ್ಕೆಳೆದು ಹೊಸ ಸುದ್ದಿಯನ್ನು ತರಿಸಿಕೊಳ್ಳುವ, ಇಂದು ಸರ್ವಪರಿಚಿತವಾದ ಕ್ರಮವು ಆ ಸಂಗ್ರಹದಲ್ಲಿರಲಿಲ್ಲ. ಅದನ್ನು ಟ್ವೀಟೀ ಎಂಬ ಆ್ಯಪಿನಲ್ಲಿ ರೂಪಿಸಿದವರು ಲೊರೆನ್ ಬ್ರಿಕ್ಟರ್. 2010ರಲ್ಲಿ ಟ್ವಿಟರ್ ಸಂಸ್ಥೆಯು ಆ ಆ್ಯಪನ್ನು ಕೊಂಡಿತು. 2012ರಲ್ಲಿ, ಐಓಎಸ್ 6ನೆಯ ಆವೃತ್ತಿಯಲ್ಲಿ, ಆಪಲ್ ತಾನೇ ಇದಕ್ಕೊಂದು ಘಟಕವನ್ನು ಸೇರಿಸಿತು. ಅದೂ ಮೊದಲು ಪಟ್ಟಿಗಳಿಗಷ್ಟೇ ಉದ್ದೇಶಿತವಾಗಿತ್ತು. ಸರಿಯುವ ಇತರ ಪುಟಗಳಿಗೆ ಅಧಿಕೃತವಾಗಿ ಒದಗಿದ್ದು 2016ರಲ್ಲಿ.

ಆಂಡ್ರಾಯ್ಡಿನಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. 2011ರ 3.0 ಆವೃತ್ತಿಯೊಡನೆ ಬಂದ ಆಕ್ಷನ್ ಬಾರ್ ಹಳೆಯ ಆವೃತ್ತಿಗಳ ಫೋನುಗಳಿಗೆ ಸಿಗಲಿಲ್ಲ. ಜೇಕ್ ವಾರ್ಟನ್ ಅವರ ಆಕ್ಷನ್‌ಬಾರ್‌ಶೆರ್ಲಾಕ್ ಆ ಕೊರತೆಯನ್ನು ತುಂಬಿತು. ಗೂಗಲ್ ತನ್ನದೇ ಪರ್ಯಾಯವನ್ನು ನೀಡಿದ್ದು 2013ರಲ್ಲಿ.

ಇಷ್ಟರಿಂದಲೇ, ಜಾಣರಿಗೆ ಯಾವ ಮಿತಿಯೂ ತಡೆಯಾಗದೆಂದು ತೀರ್ಮಾನಿಸುವುದು ಆತುರವಾದೀತು. ಕನ್ನಡದ ಅನುಭವ ಬೇರೆ. ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವುದು ವಿಜೆಟಿನ ಕೆಳಗಿರುವ ವ್ಯವಸ್ಥೆಯ ಕೆಲಸ. ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸುವ ವಿದ್ಯೆ ಅದಕ್ಕೆ ತಿಳಿಯದಿದ್ದರೆ, ಫಾಂಟನ್ನು ಜೊತೆಗೆ ಕೊಟ್ಟರೂ ಅಕ್ಷರಗಳು ಬಿಡಿ ತುಂಡುಗಳಾಗಿಯೇ ಕಾಣುವುವು. ಆಂಡ್ರಾಯ್ಡ್ ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ನೀಡಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಪಠ್ಯವನ್ನು ಚಿತ್ರವಾಗಿಸಿ ತೋರಿಸುವುದು ಒಂದು ದಾರಿಯಾಗಿತ್ತು. ಆದರೆ ಚಿತ್ರವಾದ ಪಠ್ಯದಲ್ಲಿ ಪದವನ್ನು ಹುಡುಕಲಾಗದು, ನಕಲು ಮಾಡಲಾಗದು. ಅಂಧರಿಗೆ ಓದಿಹೇಳುವ ಸಾಧನಕ್ಕೂ ಅದು ನಿಲುಕದು.

2018ರಲ್ಲಿ ಗೂಗಲ್ ಹೊರತಂದ ಫ್ಲಟರಿನ 1.0 ಆವೃತ್ತಿಯು, ಫೋನಿನ ಸಿದ್ಧ ಘಟಕಗಳನ್ನು ಬದಿಗಿರಿಸಿ ಎಲ್ಲವನ್ನೂ ತಾನೇ ಚಿತ್ರಿಸುವ ಮಾರ್ಗವನ್ನು ಹಿಡಿದಿತ್ತು. ಇದರಿಂದ ಸ್ವಾತಂತ್ರ್ಯವೇನೋ ಲಭಿಸಿತು. ಸಿದ್ಧ ಘಟಕದೊಡನೆ ತಾನಾಗಿ ಬರುತ್ತಿದ್ದ ಸೌಲಭ್ಯಗಳನ್ನು ಒದಗಿಸುವ ಹೊಣೆಯೂ ಅದರ ಮೇಲೆಯೇ ಬಿದ್ದಿತು.

ಮೇಲ್ಪದರದ ಕೊರತೆಯನ್ನು ಒಬ್ಬ ವ್ಯಕ್ತಿಯ ಜಾಣ್ಮೆ ತುಂಬಬಲ್ಲದು. ತಳಹದಿಯ ಕೊರತೆಗೆ ತಳವನ್ನು ಕಟ್ಟಿದವರೇ ಮನಸ್ಸು ಮಾಡಬೇಕು, ಇಲ್ಲವೆ ತಳವನ್ನೇ ಬೇರೆಯಾಗಿ ಕಟ್ಟಬೇಕು. ಒಂದು ಭಾಷೆಯ ಜನರು ತಮ್ಮ ಅಕ್ಷರಕ್ಕಾಗಿ ಎಷ್ಟು ಕಾಲ ಕಾಯಬೇಕೆಂಬುದು ಈ ಭೇದವನ್ನೇ ಅವಲಂಬಿಸಿರುವುದರಿಂದ, ಚರಿತ್ರಕಾರರು ಇವೆರಡನ್ನೂ ಬೇರ್ಪಡಿಸಿ ಪರಿಶೀಲಿಸುವುದು ಅವಶ್ಯಕವಾಗಿದೆ.