ಮದ್ರಾಸಿನ ಹಸಿರು ಸೂರ್ಯ

ಚಿತ್ರ ಬರೆಯುವ ಮಕ್ಕಳಿಗೆ ಸೂರ್ಯನಿಗೆ ಯಾವ ಬಣ್ಣ ಬಳಿಯಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಹಳದಿ, ಇಲ್ಲವಾದರೆ ಕೆಂಪು, ಹೆಚ್ಚೆಂದರೆ ಕೇಸರಿ. ಹಸಿರು ಬಳಿದರೆ ಮೇಷ್ಟ್ರು ಕಿವಿ ಹಿಂಡಿಯಾರು. ಆದರೆ 1883ರ ಸೆಪ್ಟೆಂಬರ್ ಎರಡನೇ ವಾರ ಮದ್ರಾಸಿನಲ್ಲೋ ಸಿಂಹಳದಲ್ಲೋ ಒಂದು ಮಗು ಹಸಿರು ಸೂರ್ಯನನ್ನು ಬರೆದಿದ್ದರೆ ಅದು ಕಂಡದ್ದನ್ನು ಕಂಡ ಹಾಗೇ ಬರೆದಂತೆ. ಸೆಪ್ಟೆಂಬರ್ 9ರಿಂದ ಕೆಲವು ದಿನ ಅಲ್ಲಿ ಸೂರ್ಯ ಹುಟ್ಟಿದ್ದೂ ಹಸಿರು, ಮುಳುಗಿದ್ದೂ ಹಸಿರು. ದಿಗಂತದ ಹತ್ತಿರ ಹಸಿ ಬಟಾಣಿಯ ಬಣ್ಣ, ಸ್ವಲ್ಪ ಮೇಲೇರಿದರೆ ನೀಲಿ ಛಾಯೆ, ನೆತ್ತಿಯ ಕಡೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಮಾಮೂಲಿ ಸೂರ್ಯ. ಬೆಳಕು ಎಷ್ಟು ಮಂಕಾಗಿತ್ತೆಂದರೆ ಜನ ಬರಿಗಣ್ಣಲ್ಲೇ ಸೂರ್ಯನನ್ನು ದಿಟ್ಟಿಸಿ ನೋಡಿದರು. ಕೆಲವು ದಿನದಲ್ಲಿ ಎಲ್ಲ ಸರಿಹೋಯಿತು. ಸೆಪ್ಟೆಂಬರ್ 22ರ ಸುಮಾರಿಗೆ ಮತ್ತೊಮ್ಮೆ ಅದೇ ಬಣ್ಣ, ಈ ಸಲ ಸ್ವಲ್ಪ ಕಮ್ಮಿ.

ಈ ಕತೆಯ ಮೂಲ ನಿಮಗೆ ಗೊತ್ತಿರಬಹುದು. ಜಾವಾ ಮತ್ತು ಸುಮಾತ್ರಾ ನಡುವಿನ ಜಲಸಂಧಿಯಲ್ಲಿದ್ದ ಕ್ರಕಟೋವ ಜ್ವಾಲಾಮುಖಿ. 1883ರ ಆಗಸ್ಟ್ 26ರ ಮಧ್ಯಾಹ್ನ ಸಿಡಿಯಲು ಶುರುವಾಗಿ, 27ರ ಬೆಳಿಗ್ಗೆ ಹತ್ತರ ಹೊತ್ತಿಗೆ ದ್ವೀಪದ ಬಹುಭಾಗವೇ ಇಲ್ಲವಾಯಿತು. ಸಮುದ್ರ ಎದ್ದು ಬಂದು 36,000ಕ್ಕೂ ಹೆಚ್ಚು ಜನ ಸತ್ತರು. ಸದ್ದು ಸುಮಾರು 4,800 ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದ ತನಕ ಕೇಳಿತು. ಅಲ್ಲಿನ ಪೊಲೀಸ್ ಅಧಿಕಾರಿ ಅದನ್ನು ದೂರದ ತೋಪಿನ ಸದ್ದು ಎಂದುಕೊಂಡ. ಇದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನನಗೆ ಕುತೂಹಲ ಇರುವುದು ಬೇರೆ ಕಡೆ. ಕ್ರಕಟೋವದಿಂದ ಮದ್ರಾಸಿಗೆ ನೇರ ದೂರ ಸುಮಾರು 3,500 ಕಿಲೋಮೀಟರ್. ಸ್ಫೋಟ ಆಗಿದ್ದು ಆಗಸ್ಟ್ 27. ಸೂರ್ಯ ಹಸಿರಾಗಿದ್ದು ಸೆಪ್ಟೆಂಬರ್ 9. ಮಧ್ಯೆ ಹದಿಮೂರು ದಿನ. ಭಾಗಾಕಾರ ಮಾಡಿ ನೋಡಿ, ಗಂಟೆಗೆ 11 ಕಿಲೋಮೀಟರ್ ಬರುತ್ತದೆ. ಅಂದರೆ ಬೂದಿಯ ಮೋಡ ಸುಮಾರು ಒಂದು ಸೈಕಲ್ಲಿನ ವೇಗದಲ್ಲಿ ತೇಲಿಕೊಂಡು ಮದ್ರಾಸಿಗೆ ಬಂತು. ನಂಬುವಂಥ ಲೆಕ್ಕವೇ ಅಲ್ಲವೇ?

ಪೂರ್ತಿ ತಪ್ಪು! ಅದು ತಪ್ಪು ಅಂತ ಜಗತ್ತಿಗೆ ಗೊತ್ತಾದ ಬಗೆ ಇದೆಯಲ್ಲ, ಅದೇ ಈ ಬರಹ.

ಮೊದಲು ಮದ್ರಾಸಿಗೇ ಹೋಗೋಣ. ಆ ಹೊತ್ತಿಗೆ ಅಲ್ಲಿ ವಿಜ್ಞಾನಕ್ಕೇನೂ ಬರಗಾಲ ಇರಲಿಲ್ಲ. ಸರ್ಕಾರಿ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಇದ್ದ. ನಕ್ಷತ್ರಗಳ ಹೊಳಪನ್ನು ಅಳೆಯಲು ಇವತ್ತಿಗೂ ಬಳಸುವ ಮಾಪಕ ಅವನದೇ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಚಾರ್ಲ್ಸ್ ಮಿಕಿ ಸ್ಮಿತ್ ಎಂಬ ಭೌತಶಾಸ್ತ್ರದ ಪ್ರೊಫೆಸರ್ ಇದ್ದ, ಸ್ಕಾಟ್ಲೆಂಡಿನವನು. ಸೂರ್ಯ ಹಸಿರಾದ ಕೂಡಲೇ ಮಿಕಿ ಸ್ಮಿತ್ ಮಾಡಿದ್ದು ಒಬ್ಬ ಒಳ್ಳೆಯ ವಿಜ್ಞಾನಿ ಮಾಡಬೇಕಾದ ಕೆಲಸವನ್ನೇ. ರೋಹಿತದರ್ಶಕ ತೆಗೆದುಕೊಂಡು ಆ ಬೆಳಕನ್ನು ಬಣ್ಣ ಬಣ್ಣವಾಗಿ ಒಡೆದು ನೋಡಿದ. ಕೆಂಪು ತುದಿಯಲ್ಲಿ ಬೆಳಕು ಕಮ್ಮಿಯಾಗಿತ್ತು, ಗಾಳಿಯಲ್ಲಿರುವ ನೀರಾವಿ ಹೀರಿಕೊಳ್ಳುವ ಪಟ್ಟೆಗಳು ದಟ್ಟವಾಗಿ ಕಂಡವು. ಹಾಗಾಗಿ ಸೂರ್ಯ ಹಸಿರಾಗಲು ನೀರಾವಿಯೇ ಕಾರಣ ಎಂಬ ಕಡೆಗೆ ವಾಲಿದ. ಎಡಿನ್‌ಬರೋದ ರಾಯಲ್ ಸೊಸೈಟಿಗೆ ತನ್ನ ವೀಕ್ಷಣೆಗಳ ಪ್ರಬಂಧವನ್ನೂ ಕಳಿಸಿದ.

ಅವನ ಅಳತೆಯಲ್ಲಿ ತಪ್ಪಿರಲಿಲ್ಲ. ಸೆಪ್ಟೆಂಬರಿನ ಮದ್ರಾಸಿನಲ್ಲಿ ನೀರಾವಿ ಇಲ್ಲದೆ ಇನ್ನೇನು ಇರುತ್ತದೆ? ಬೆವರಿದ ಅಂಗಿ ಒಣಗದ ಊರು ಅದು. ಅವನ ಅನುಮಾನವೂ ಹುಚ್ಚು ಅನುಮಾನವಲ್ಲ. ಇಂಗ್ಲೆಂಡಿನ ಹೆಸರಾಂತ ಖಗೋಳಜ್ಞ ನಾರ್ಮನ್ ಲಾಕ್ಯರ್ ಒಂದು ಪುಟ್ಟ ಉಗಿ ದೋಣಿಯ ಉಗಿಯ ಮೂಲಕ ನೋಡಿದಾಗ ಸೂರ್ಯ ಹಸಿರಾಗಿ ಕಂಡದ್ದನ್ನು ಬರೆದಿದ್ದ. ಆದರೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ನೀರಾವಿ ಪ್ರತಿ ವರ್ಷವೂ ಇರುತ್ತದೆ, ಹಸಿರು ಸೂರ್ಯ ಆ ವರ್ಷ ಮಾತ್ರ ಯಾಕೆ ಬಂದ?

ಈಗ ಭೂಗೋಳದ ಇನ್ನೊಂದು ಬದಿಗೆ, ಹವಾಯಿ ದ್ವೀಪಗಳ ಹೊನೊಲುಲುಗೆ. ಅಲ್ಲಿ ಸೆರೆನೊ ಬಿಷಪ್ ಎಂಬ ಪಾದ್ರಿ. (ಬಿಷಪ್ ಅನ್ನುವುದು ಮನೆತನದ ಹೆಸರು, ಹುದ್ದೆಯಲ್ಲ. ನಾನೂ ಮೊದಲು ಗೊಂದಲ ಮಾಡಿಕೊಂಡಿದ್ದೆ.) 1883ರ ಸೆಪ್ಟೆಂಬರ್ 5ರಂದು ಅವನಿಗೆ ಸೂರ್ಯನ ಸುತ್ತ ಒಂದು ಮಸುಕಾದ ಉಂಗುರ ಕಂಡಿತು. ಒಳಗೆ ನೀಲಿ ಬೆರೆತ ಬಿಳುಪು, ಅಂಚಿನಲ್ಲಿ ಕಂದುಗೆಂಪು. ಸಂಜೆ ಸೂರ್ಯ ಮುಳುಗಿದ ಮೇಲೂ ಆಕಾಶ ಬಹಳ ಹೊತ್ತು ಕೆಂಪಾಗಿಯೇ ಇತ್ತು. ಜ್ವಾಲಾಮುಖಿಗಳು ಉಗುಳಿದ ಮೇಲೆ ಕಾಣುವ ಆ ಉಂಗುರಕ್ಕೆ ಇವತ್ತಿಗೂ ಬಿಷಪ್ ಉಂಗುರ ಅಂತಲೇ ಹೆಸರು.

ಪಾದ್ರಿಯ ಹತ್ತಿರ ರೋಹಿತದರ್ಶಕದಂಥ ಸಲಕರಣೆ ಇರಲಿಲ್ಲ. ಅವನು ಮಾಡಿದ್ದು ಬಹಳ ಸರಳ ಕೆಲಸ: ಬೇರೆಯವರು ಏನು ನೋಡಿದರು, ಎಲ್ಲಿ ನೋಡಿದರು, ಯಾವ ತಾರೀಖು ಎಂದು ಕೂಡಿಹಾಕಿದ. ಹೊನೊಲುಲು ಬಂದರು, ಹಡಗುಗಳು ಬರುತ್ತಿದ್ದವು, ಪತ್ರಿಕೆಗಳೂ ಬರುತ್ತಿದ್ದವು. ಕೆರಿಬಿಯನ್ನಿನ ಟ್ರಿನಿಡಾಡಿನಲ್ಲಿ ಸೆಪ್ಟೆಂಬರ್ 2ರಂದು ಸೂರ್ಯ ನೀಲಿ ಚೆಂಡಿನಂತೆ ಕಂಡಿದ್ದ. ಶಾಂತಸಾಗರದ ನಡುವಿನ ಫ್ಯಾನಿಂಗ್ ದ್ವೀಪದಲ್ಲಿ 4ರಂದು ಆಕಾಶ ವಿಚಿತ್ರವಾಗಿತ್ತು. ತನ್ನೂರಿನಲ್ಲಿ 5ರಂದು.

ಈ ಊರುಗಳನ್ನು ನಕ್ಷೆಯಲ್ಲಿಟ್ಟು ತಾರೀಖು ಬರೆಯಿರಿ. ನಾನು ಒಂದು ಭಾನುವಾರ ಕೂತು ಬರೆದೆ. ಸಮಭಾಜಕದ ಹತ್ತಿರ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 111 ಕಿಲೋಮೀಟರ್. ಕ್ರಕಟೋವ 105 ಡಿಗ್ರಿ ಪೂರ್ವ, ಟ್ರಿನಿಡಾಡ್ 61 ಡಿಗ್ರಿ ಪಶ್ಚಿಮ. ಪಶ್ಚಿಮಕ್ಕೆ ಹೊರಟರೆ 166 ಡಿಗ್ರಿ, ಸುಮಾರು 18,400 ಕಿಲೋಮೀಟರ್, ಆರು ದಿನ: ಗಂಟೆಗೆ 128 ಕಿಲೋಮೀಟರ್. ಹೊನೊಲುಲು ತನಕ 263 ಡಿಗ್ರಿ, ಒಂಬತ್ತು ದಿನ: ಗಂಟೆಗೆ 135. ಒಂದೇ ವೇಗ! ಮೋಡ ಪಶ್ಚಿಮಕ್ಕೇ ಓಡುತ್ತಿದೆ, ಆಫ್ರಿಕಾ ದಾಟಿ, ಅಟ್ಲಾಂಟಿಕ್ ದಾಟಿ, ಅಮೆರಿಕ ದಾಟಿ. ಹಾಗೇ ಮುಂದಕ್ಕೆ ಓಡಿದರೆ ಶಾಂತಸಾಗರ ಮುಗಿಸಿ, ಕ್ರಕಟೋವದ ತಲೆಯ ಮೇಲೇ ಹಾದು, ಸಿಂಹಳದ ಹತ್ತಿರಕ್ಕೆ ಬರಬೇಕಾದ್ದು ಯಾವಾಗ? ಸುಮಾರು 42,700 ಕಿಲೋಮೀಟರ್, ಅದೇ ವೇಗ... ಹದಿಮೂರು ದಿನ. ಸೆಪ್ಟೆಂಬರ್ 9.

ಅಂದರೆ ಮದ್ರಾಸಿನ ಜನ ಆ ದಿನ ನೋಡಿದ ಹೊಗೆ ಪಕ್ಕದ ಮನೆಯಿಂದ ತೇಲಿ ಬಂದದ್ದಲ್ಲ. ಇಡೀ ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿ, ದಾರಿಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹರಡಿಕೊಂಡು ಬಂದದ್ದು. ಸೆಪ್ಟೆಂಬರ್ 22ರ ಎರಡನೇ ಹಸಿರು ಸೂರ್ಯ? ಮತ್ತೊಂದು ಹದಿಮೂರು ದಿನ, ಮತ್ತೊಂದು ಸುತ್ತು. ಈ ಲೆಕ್ಕ ಕೂಡಿಬಂದಾಗ ನನಗೆ ಆದ ಖುಷಿ ಹೇಳತೀರದು. ನಮ್ಮ ಕೆಲಸದಲ್ಲಿ ಇಂಥದ್ದು ದಿನಾ ನಡೆಯುತ್ತದೆ. ಒಂದೇ ಸರ್ವರ್ ಮುಂದೆ ಕೂತು ಅದರ ಮೆಮೊರಿಯನ್ನೆಲ್ಲ ಜಾಲಾಡಿದರೂ ಸಿಗದ ದೋಷ, ಹತ್ತು ಸರ್ವರ್‌ಗಳ ಲಾಗ್ ಫೈಲುಗಳನ್ನು ಸಮಯದ ಪ್ರಕಾರ ಜೋಡಿಸಿದರೆ ಐದು ನಿಮಿಷದಲ್ಲಿ ಎದ್ದು ಕಾಣುತ್ತದೆ. ಮಿಕಿ ಸ್ಮಿತ್ ಮೊದಲನೆಯದನ್ನು ಮಾಡಿದ, ಬಿಷಪ್ ಎರಡನೆಯದನ್ನು.

ಇಷ್ಟಕ್ಕೇ ಎಲ್ಲರೂ ಒಪ್ಪಿಬಿಡಲಿಲ್ಲ. ಧೂಳು ಅಷ್ಟು ದಿನ ಮೇಲೇ ನಿಲ್ಲುವುದು ಹೇಗೆ ಎಂದು ಕೆಲವರು ಕೇಳಿದರು, ಇದು ಅಂತರಿಕ್ಷದಿಂದ ಬಿದ್ದ ಧೂಳು ಎಂದು ಇನ್ನು ಕೆಲವರು ವಾದಿಸಿದರು. ಅಷ್ಟರಲ್ಲಿ ಮುಸುಕು ಉತ್ತರಕ್ಕೆ ಹರಡಿ, ನವೆಂಬರ್ ಹೊತ್ತಿಗೆ ಯುರೋಪು, ಅಮೆರಿಕಗಳ ಸಂಜೆ ಆಕಾಶ ಹೊತ್ತಿ ಉರಿಯತೊಡಗಿತು. ಅಮೆರಿಕದ ಪೊಕಿಪ್ಸಿ, ನ್ಯೂ ಹೇವನ್ ಊರುಗಳಲ್ಲಿ ಎಲ್ಲೋ ಬೆಂಕಿ ಬಿದ್ದಿದೆ ಎಂದು ಅಗ್ನಿಶಾಮಕ ಗಾಡಿಗಳನ್ನೇ ಹೊರಡಿಸಿದರು. ಲಂಡನ್ನಿನಲ್ಲಿ ವಿಲಿಯಂ ಆಸ್‌ಕ್ರಾಫ್ಟ್ ಎಂಬ ಚಿತ್ರಕಾರ ಥೇಮ್ಸ್ ದಡದಲ್ಲಿ ಕೂತು ಸಂಜೆ ಸಂಜೆಯೂ ಬಣ್ಣದ ಸೀಮೆಸುಣ್ಣದಲ್ಲಿ ಆಕಾಶವನ್ನು ಬರೆದ, ನಿಮಿಷಗಳ ಅಂತರದಲ್ಲಿ ಒಂದರ ಮೇಲೊಂದು, ಐನೂರಕ್ಕೂ ಹೆಚ್ಚು ಚಿತ್ರ. ಬಣ್ಣದ ಫೋಟೋ ಇಲ್ಲದ ಕಾಲಕ್ಕೆ ಅವೇ ದಾಖಲೆ. (ಎಡ್ವರ್ಡ್ ಮುಂಕ್‌ನ ಆ ಪ್ರಸಿದ್ಧ ‘ಚೀತ್ಕಾರ’ ಚಿತ್ರದ ಕೆಂಪು ಆಕಾಶವೂ ಕ್ರಕಟೋವದ್ದೇ ಅನ್ನುವವರಿದ್ದಾರೆ. ಚಿತ್ರ ಬಂದದ್ದು 1893ರಲ್ಲಿ, ಹತ್ತು ವರ್ಷದ ಮೇಲೆ. ನನಗಂತೂ ಆಸ್‌ಕ್ರಾಫ್ಟ್ ಮೇಲೇ ಹೆಚ್ಚು ನಂಬಿಕೆ.)

1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಒಂದು ಸಮಿತಿ ಮಾಡಿ, ಕಂಡದ್ದನ್ನು ತಾರೀಖು ಮತ್ತು ಸಮಯದ ಸಮೇತ ಬರೆದು ಕಳಿಸಿ ಎಂದು ಸಾರ್ವಜನಿಕರನ್ನು ಕೇಳಿತು. ಜಗತ್ತಿನ ಮೂಲೆಮೂಲೆಯಿಂದ ಬಂದ ಟಿಪ್ಪಣಿಗಳನ್ನು ಸೇರಿಸಿ 1888ರಲ್ಲಿ ಸುಮಾರು ಐನೂರು ಪುಟದ ವರದಿ ಹೊರಬಂತು. ಸಂಪಾದಕ ಜಿ. ಜೆ. ಸೈಮನ್ಸ್. ಹಡಗಿನ ಕಪ್ತಾನರು, ಮಿಷನರಿಗಳು, ಪತ್ರಿಕೆಗಳಿಗೆ ಕಾಗದ ಬರೆದವರು, ಎಲ್ಲರೂ ಅದರಲ್ಲಿದ್ದಾರೆ. ಬೂದಿಯ ಹೊಳೆ ಹದಿಮೂರು ದಿನಕ್ಕೊಂದು ಸುತ್ತಿನಂತೆ ಪಶ್ಚಿಮಕ್ಕೆ ಹರಿಯಿತು ಎಂಬುದು ಆ ವರದಿಯಿಂದ ಗಟ್ಟಿಯಾಯಿತು.

ಹಾಗಾದರೆ ಹಸಿರು ಯಾಕೆ? ಸಾಮಾನ್ಯವಾಗಿ ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತವೆ. ಹಾಗಾಗಿ ಆಕಾಶ ನೀಲಿ, ಮುಳುಗುವ ಸೂರ್ಯ ಕೆಂಪು. ಬೆಳಕಿನ ತರಂಗಕ್ಕಿಂತ ತುಸು ದೊಡ್ಡ ಕಣಗಳು, ಅವೂ ಹೆಚ್ಚುಕಡಿಮೆ ಒಂದೇ ಗಾತ್ರದವು ಸಿಕ್ಕಿಬಿಟ್ಟರೆ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಅವು ಕೆಂಪನ್ನು ಹೆಚ್ಚು ತಡೆದು, ಹಸಿರು, ನೀಲಿಗಳನ್ನು ಬಿಡುತ್ತವೆ. ಗಾತ್ರ ಬೆರೆತುಹೋದರೆ ಆಟ ಮುಗಿಯಿತು. ಅದಕ್ಕೇ ಇದು ಇಷ್ಟು ಅಪರೂಪ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೀಸ್ಲಿಂಗ್ ಎಂಬಾತ ಕೃತಕ ಮಂಜು ಮಾಡಿ ಅದರ ಮೂಲಕ ನೀಲಿ ಸೂರ್ಯನನ್ನು ಪ್ರಯೋಗಾಲಯದಲ್ಲೇ ತೋರಿಸಿದ. 1950ರ ಸೆಪ್ಟೆಂಬರ್ 26ರಂದು ಸ್ಕಾಟ್ಲೆಂಡಿನಲ್ಲಿ ಸೂರ್ಯ ನೀಲಿಯಾಗಿದ್ದಕ್ಕೆ ಕೆನಡಾದ ಕಾಡ್ಗಿಚ್ಚಿನ ಹೊಗೆ ಕಾರಣ. 1883ರಲ್ಲಿ ಎಲ್ಲರೂ ಬೂದಿ ಬೂದಿ ಎಂದರು. ಬಹಳ ಕಾಲ ಮೇಲೆ ಉಳಿದು ಸಂಜೆಗಳನ್ನು ಕೆಂಪಾಗಿಸಿದ್ದು ಮುಖ್ಯವಾಗಿ ಗಂಧಕದ ಅನಿಲದಿಂದ ಹುಟ್ಟಿದ ಗಂಧಕಾಮ್ಲದ ಹನಿಗಳು ಎಂಬುದು ಈಗ ಗೊತ್ತಿದೆ.

ಆ ಗಾಳಿಯ ಕತೆ ಇನ್ನೂ ಮುಗಿದಿಲ್ಲ. ಮೋಡಗಳ ಮೇಲೆ, ಇಪ್ಪತ್ತು ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಸಮಭಾಜಕದ ಸುತ್ತ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಆ ಗಾಳಿಗೆ ಕ್ರಕಟೋವದ ಹೆಸರನ್ನೇ ಇಟ್ಟರು. 1908ರಲ್ಲಿ ಬರ್ಸನ್ ಎಂಬ ಜರ್ಮನ್ ಹವಾಮಾನ ತಜ್ಞ ಪೂರ್ವ ಆಫ್ರಿಕಾದಲ್ಲಿ ಬಲೂನು ಹಾರಿಸಿದರೆ, ಎತ್ತರದಲ್ಲಿ ಗಾಳಿ ತದ್ವಿರುದ್ಧ ದಿಕ್ಕಿಗೆ ಬೀಸುತ್ತಿತ್ತು! ಎರಡೂ ಹೇಗೆ ನಿಜ ಎಂದು ಐವತ್ತು ವರ್ಷ ತಲೆ ಕೆರೆದುಕೊಂಡರು. 1960ರ ಸುಮಾರಿಗೆ ಅಮೆರಿಕದ ರೀಡ್ ಮತ್ತು ಬ್ರಿಟನ್ನಿನ ಎಬ್ಡನ್ ಬೇರೆಬೇರೆಯಾಗಿ ಕಂಡುಕೊಂಡದ್ದು ಇದು: ಆ ಗಾಳಿ ಸುಮಾರು 28 ತಿಂಗಳಿಗೊಂದು ಆವರ್ತದಲ್ಲಿ ದಿಕ್ಕು ಬದಲಿಸುತ್ತಲೇ ಇರುತ್ತದೆ. ಕ್ರಕಟೋವ ಸಿಡಿದದ್ದು ಪಶ್ಚಿಮದ ಕಡೆ ಹರಿಯುವ ಸರದಿಯಲ್ಲಿ. ಒಂದು ವರ್ಷ ಆಚೀಚೆ ಆಗಿದ್ದರೆ ನಕ್ಷೆಯ ಮೇಲಿನ ತಾರೀಖುಗಳೆಲ್ಲ ಬೇರೆಯಾಗಿರುತ್ತಿದ್ದವು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಅದರ ಮೋಡ ಭೂಮಿ ಸುತ್ತಿ ಬರಲು ಸುಮಾರು 22 ದಿನ ತೆಗೆದುಕೊಂಡದ್ದನ್ನು ಉಪಗ್ರಹಗಳು ನೋಡಿದವು. ಆಗ ಯಾರೂ ಪಾದ್ರಿಗೆ ಕಾಗದ ಬರೆಯಬೇಕಾಗಲಿಲ್ಲ.

ಇನ್ನು ನಮ್ಮ ಮಿಕಿ ಸ್ಮಿತ್. ಅವನನ್ನು ಸೋತವನ ಹಾಗೆ ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ಅವನು ಭಾರತದಲ್ಲೇ ಉಳಿದ. ಪಾಗ್ಸನ್ ತೀರಿಕೊಂಡ ಮೇಲೆ ಮದ್ರಾಸಿನ ಸರ್ಕಾರಿ ಖಗೋಳಜ್ಞನಾದ. 1899ರಲ್ಲಿ ಕೊಡೈಕೆನಾಲ್ ಬೆಟ್ಟದ ಮೇಲೆ ಸೌರ ವೀಕ್ಷಣಾಲಯ ಶುರುವಾದಾಗ ಅದರ ಮೊದಲ ನಿರ್ದೇಶಕ ಅವನೇ. 1911ರಲ್ಲಿ ನಿವೃತ್ತನಾಗಿ ಅಲ್ಲೇ ನೆಲೆಸಿ, 1922ರಲ್ಲಿ ಅಲ್ಲೇ ತೀರಿಕೊಂಡ. ಅವನ ಕಾಲದಲ್ಲಿ, 1904ರ ಸುಮಾರಿಗೆ, ಆಕಾಶ ತಿಳಿಯಾಗಿರುವ ದಿನವೆಲ್ಲ ಸೂರ್ಯನ ಫೋಟೋ ತೆಗೆದು ತಾರೀಖು ಹಾಕಿ ಇಡುವ ಕೆಲಸ ಅಲ್ಲಿ ಆರಂಭವಾಯಿತು. ಆ ವೀಕ್ಷಣಾಲಯ ಈಗ ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ತಾರಾಭೌತ ಸಂಸ್ಥೆಗೆ ಸೇರಿದೆ. ನೂರು ವರ್ಷಕ್ಕೂ ಮೀರಿದ ಆ ಗಾಜಿನ ಫಲಕಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದಾರೆ, ಪ್ರತಿಯೊಂದಕ್ಕೂ ತಾರೀಖಿನ ಸಮೇತ.