ಜನಮೇಜಯ ಬರೆದುಕೊಟ್ಟ ಜಮೀನು

ಬೆಂಗಳೂರಲ್ಲಿ ಸೈಟ್ ತಗೊಳೋಕೆ ಹೊರಟವರಿಗೆ ಎಲ್ಲರೂ ಹೇಳೋದು ಒಂದೇ: ಮದರ್ ಡೀಡ್ ನೋಡು, ಮೂವತ್ತು ವರ್ಷದ ಇಸಿ ತೆಗೆಸು, ಲಾಯರ್ ಹತ್ರ ಒಪಿನಿಯನ್ ಬರೆಸ್ಕೋ, ಆಮೇಲೆ ಅಡ್ವಾನ್ಸ್ ಕೊಡು. ದಾಖಲೆ ಹಳೇದಾದಷ್ಟೂ ಜಮೀನು ಗಟ್ಟಿ ಅನ್ನೋದು ನಮ್ಮ ನಂಬಿಕೆ. ಹಾಗಾದ್ರೆ ಅರ್ಜುನನ ಮರಿಮಗ, ಪರೀಕ್ಷಿತನ ಮಗ ಜನಮೇಜಯ ಮಹಾರಾಜನೇ ಬರೆದುಕೊಟ್ಟ ಪತ್ರವನ್ನ ಯಾರಾದ್ರೂ ತಂದು ತೋರಿಸಿದರೆ? ಅದಕ್ಕಿಂತ ಹಳೇ ಮದರ್ ಡೀಡ್ ಇನ್ನೆಲ್ಲಿ ಸಿಗಬೇಕು!

ತಮಾಷೆ ಅಲ್ಲ, ಅಂಥ ಪತ್ರಗಳಿವೆ. ಸಿಕ್ಕಿದ್ದು ಕೂಡ ನಮ್ಮ ಸೀಮೆಯಲ್ಲೇ.

ನಾನು ತೊಗರ್ಸಿ ಕಡೆಯವನು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಶಾಸನಕ್ಕೆ ಬರ ಇಲ್ಲ. ತಾಳಗುಂದದಲ್ಲಿ ಕದಂಬರ ಸ್ತಂಭ ಶಾಸನ, ಬಳ್ಳಿಗಾವಿಯಲ್ಲಿ ಸಾಲು ಸಾಲು ಕಲ್ಲು. ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡು ಸಂಪುಟ ಮೀಸಲಿಡಬೇಕಾಯ್ತು. ಶಿಕಾರಿಪುರ ಬರುವ ಏಳನೇ ಸಂಪುಟ 1902ರಲ್ಲಿ, ಸೊರಬ ಬರುವ ಎಂಟನೆಯದು 1904ರಲ್ಲಿ ಬಂತು. ಅಷ್ಟೆಲ್ಲ ನಿಜವಾದ ದಾನಪತ್ರಗಳ ನಡುವೆ ಈ ಜನಮೇಜಯನ ತಾಮ್ರಪಟಗಳೂ ಇವೆ. ಒಂದು ಗೌಜ ಅಗ್ರಹಾರದ್ದು, ಇನ್ನೊಂದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯದ್ದು, ಮತ್ತೊಂದು ತೀರ್ಥಹಳ್ಳಿ ಕಡೆಯ ಭೀಮನಕಟ್ಟೆಯದ್ದು.

ಗೌಜದ ಪತ್ರ ಹೇಳೋ ಕತೆ ಹೀಗೆ. ಹಸ್ತಿನಾಪುರದಲ್ಲಿ ಆಳುತ್ತಿದ್ದ ಜನಮೇಜಯ ದಿಗ್ವಿಜಯಕ್ಕೆ ಅಂತ ದಕ್ಷಿಣಕ್ಕೆ ಬಂದ. ತುಂಗಭದ್ರೆಗೆ ಹರಿದ್ರಾ ನದಿ ಸೇರುವ ಜಾಗದಲ್ಲಿ, ಹರಿಹರ ದೇವರ ಸನ್ನಿಧಿಯಲ್ಲಿ ಸರ್ಪಯಾಗ ಮಾಡಿದ. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಅಲ್ಲಿದ್ದ ಬ್ರಾಹ್ಮಣರಿಗೆ ಊರು ಬಿಟ್ಟುಕೊಟ್ಟ. ದಾನ ಕೊಟ್ಟವನು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ, ಯಾರಿಗೆ, ಎಲ್ಲವೂ ಪತ್ರದಲ್ಲಿದೆ. ನೋಡೋಕೆ ಪಕ್ಕಾ ದಾಖಲೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರಿನ ಸರ್ವೆಗೆ ಬಂದ ಕಾಲಿನ್ ಮೆಕೆಂಜಿಗೆ ಗೌಜದ ಪತ್ರದ ಪ್ರತಿ ಸಿಕ್ಕಿತು. ಸಂಸ್ಕೃತ ವಿದ್ವಾಂಸ ಎಚ್. ಟಿ. ಕೋಲ್‌ಬ್ರೂಕ್ ಅದನ್ನ 'ಏಷ್ಯಾಟಿಕ್ ರಿಸರ್ಚಸ್'ನಲ್ಲಿ ಪರಿಚಯಿಸಿದರು, ಆದರೆ ನಂಬಲಿಲ್ಲ. ಆಮೇಲೆ ನೋಡಿದವರಿಗೆ ತಪ್ಪುಗಳು ಒಂದೊಂದಾಗಿ ಕಂಡವು. ಮಹಾಭಾರತದ ರಾಜನ ಬಾವುಟದಲ್ಲಿ ಚಾಲುಕ್ಯರ ಬಂಗಾರದ ವರಾಹ ಇದೆ! ಹಸ್ತಿನಾಪುರದ ಕಚೇರಿಯಿಂದ ಹೊರಟ ಪತ್ರಕ್ಕೆ ನಮ್ಮ ನಾಡಿನ ಮಧ್ಯಯುಗದ ಬರವಣಿಗೆ ಇದೆ.

ಎಲ್ಲಕ್ಕಿಂತ ಮಜಾ ಅಂದ್ರೆ ಗ್ರಹಣದ್ದು. ಗ್ರಹಣದ ದಾನಕ್ಕೆ ಪುಣ್ಯ ಜಾಸ್ತಿ, ಪತ್ರಕ್ಕೂ ಒಂದು ತೂಕ ಬರುತ್ತೆ ಅಂತ ಅದನ್ನ ಸೇರಿಸಿರಬೇಕು. ಆದರೆ ಗ್ರಹಣ ಅನ್ನೋದು ಆಕಾಶದ ಟೈಮ್‌ಸ್ಟ್ಯಾಂಪ್. ಅದನ್ನ ಯಾವ ಅಡ್ಮಿನ್ ಕೂಡ ತಿದ್ದೋಕಾಗಲ್ಲ. ಇಂಗ್ಲೆಂಡಿನ ರಾಜ ಖಗೋಳಜ್ಞ ಜಿ. ಬಿ. ಏರಿ ಲೆಕ್ಕ ಹಾಕಿ ಹೇಳಿದ ದಿನ 1521ರ ಏಪ್ರಿಲ್ 7, ಭಾನುವಾರ. ಅಂದ್ರೆ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ. ರೈಸ್ ಮಾತ್ರ ಪತ್ರಗಳು ಅದಕ್ಕಿಂತ ಕೆಲವು ಶತಮಾನ ಹಿಂದಿನವು ಅಂತ ವಾದಿಸಿದರು. ಯಾವ ಶತಮಾನ ಅನ್ನೋದರಲ್ಲಿ ತಕರಾರು ಇರಬಹುದು, ಜನಮೇಜಯನದ್ದಲ್ಲ ಅನ್ನೋದರಲ್ಲಿ ಇಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕಿತ್ತು? ಅಗ್ರಹಾರದ ಭೂಮಿಗೆ ಕಂದಾಯದಲ್ಲಿ ವಿನಾಯಿತಿ ಇತ್ತು. ಕದಂಬರು ಹೋಗಿ ಚಾಲುಕ್ಯರು, ಅವರು ಹೋಗಿ ಸೇವುಣರು, ಹೊಯ್ಸಳರು, ವಿಜಯನಗರ, ಕೆಳದಿ ಹೀಗೆ ರಾಜ್ಯ ಕೈ ಬದಲಾಯಿಸುತ್ತಿದ್ದ ಸೀಮೆ ನಮ್ಮದು. ಪ್ರತಿ ಸಲ ಹೊಸ ಅಧಿಕಾರಿ ಬಂದು 'ನಿನ್ನ ಹತ್ರ ಪತ್ರ ಇದೆಯಾ?' ಅಂತ ಕೇಳುವನು. ಯಾವ ರಾಜವಂಶವೂ ಪ್ರಶ್ನೆ ಮಾಡಲಾಗದ ರಾಜನ ಹೆಸರು ಇದ್ದುಬಿಟ್ಟರೆ ಒಳ್ಳೇದಲ್ವಾ? ಒಂದು ಊರಿಗೆ ಹೀಗೆ ಸುಳ್ಳು ವಿನಾಯಿತಿ ಸಿಕ್ಕರೆ ಬೊಕ್ಕಸದ ಭಾರ ಪಕ್ಕದ ಊರಿನ ರೈತನ ಮೇಲೆ ಬೀಳುತ್ತೆ. ಅವನಿಗೆ ಆ ಪತ್ರ ಓದೋಕೂ ಬರುತ್ತಿರಲಿಲ್ಲ.

ಆಗಿನವರಿಗೆ ಈ ಮೋಸ ಗೊತ್ತಿರಲಿಲ್ಲ ಅಂದ್ಕೋಬೇಡಿ. ಮನುಸ್ಮೃತಿ ಖೋಟಾ ರಾಜಶಾಸನ ಮಾಡಿದವನಿಗೆ ಮರಣದಂಡನೆ ಹೇಳುತ್ತೆ. ಬಟ್ಟೆ ಅಥವಾ ತಾಮ್ರದ ಮೇಲೆ ವಂಶಾವಳಿ, ಮುದ್ರೆ, ಸಹಿ, ಕಾಲ ಎಲ್ಲ ಇರಬೇಕು ಅಂತ ದಾನಪತ್ರದ ಫಾರ್ಮ್ಯಾಟನ್ನೇ ಯಾಜ್ಞವಲ್ಕ್ಯಸ್ಮೃತಿ ಕೊಡುತ್ತೆ. ಅದಕ್ಕೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದವನು, ನಮ್ಮವನೇ. ಉತ್ತರದಲ್ಲಿ ಹರ್ಷವರ್ಧನನ ಮಧುಬನ ತಾಮ್ರಪಟ ಇನ್ನೂ ಸ್ಪಷ್ಟ: ವಾಮರಥ್ಯ ಅನ್ನುವ ಬ್ರಾಹ್ಮಣ ಕೂಟಶಾಸನ ತೋರಿಸಿ ಒಂದು ಊರನ್ನು ಅನುಭವಿಸುತ್ತಿದ್ದ, ಆ ಪತ್ರವನ್ನು ಮುರಿದುಹಾಕಿ ಊರನ್ನು ಬೇರೆಯವರಿಗೆ ಕೊಟ್ಟೆ ಅಂತ ರಾಜನೇ ಬರೆಸಿದ್ದಾನೆ. 1901ರಲ್ಲಿ ಜೆ. ಎಫ್. ಫ್ಲೀಟ್ ಭಾರತದ ಖೋಟಾ ಶಾಸನಗಳದ್ದೇ ಒಂದು ಉದ್ದ ಪಟ್ಟಿ ಪ್ರಕಟಿಸಿದರು.

ನನಗೆ ಮುಖ್ಯ ಅನ್ನಿಸೋದು ಕಲ್ಲಿಗೂ ತಾಮ್ರಕ್ಕೂ ಇರೋ ವ್ಯತ್ಯಾಸ. ಕಲ್ಲು ದೇವಸ್ಥಾನದ ಅಂಗಳದಲ್ಲೋ ಕೆರೆ ಏರಿ ಮೇಲೋ ಊರವರ ಕಣ್ಣೆದುರು ನಿಂತಿರುತ್ತೆ. ತಾಮ್ರಪಟ ಲಾಭ ಪಡೆದವನ ಮನೆಯಲ್ಲೇ ಭದ್ರವಾಗಿರುತ್ತೆ. ಬೇಕಾದಾಗ ತೋರಿಸ್ತಾನೆ, ಓದಿ ಅರ್ಥ ಹೇಳುವವನೂ ಅವನ ಕಡೆಯವನೇ.

ಈಗಿನ ಮೋಸವೂ ಇದೇ ಜಾಗದಲ್ಲಿ ಹುಟ್ಟೋದು. ಐರ್ಲೆಂಡಿನಲ್ಲಿ ಮೈಕಲ್ ಲಿನ್ ಅಂತ ಒಬ್ಬ ಸಾಲಿಸಿಟರ್ ಇದ್ದ. ಪೋರ್ಚುಗಲ್, ಬಲ್ಗೇರಿಯಾದಲ್ಲಿ ಇನ್ನೂ ಕಟ್ಟದ ಮನೆಗಳನ್ನ ಐರಿಶ್ ಜನರಿಗೆ ಮಾರುತ್ತಿದ್ದ. ಊರಲ್ಲಿ ಒಂದೇ ಆಸ್ತಿ ತೋರಿಸಿ ಹಲವು ಬ್ಯಾಂಕಿನಿಂದ ಸಾಲ ಎತ್ತಿದ. ಲಾಯರ್ ಕೊಟ್ಟ ಮಾತು ಅಂತ ಬ್ಯಾಂಕುಗಳು ನಂಬಿದವು. ಆಸಾಮಿ 2007ರಲ್ಲಿ ದೇಶ ಬಿಟ್ಟ, 2018ರಲ್ಲಿ ಬ್ರೆಜಿಲ್‌ನಿಂದ ವಾಪಸ್ ಕರೆತಂದರು. 2023ರ ಡಿಸೆಂಬರ್‌ನಲ್ಲಿ, ಸುಮಾರು 1.8 ಕೋಟಿ ಯೂರೋ ಕದ್ದಿದ್ದಕ್ಕೆ ತಪ್ಪಿತಸ್ಥ ಅಂತ ತೀರ್ಪಾಯಿತು. ಪತ್ರ ಸರಿಯಿದೆ ಅಂತ ಹೇಳಬೇಕಾದವನೇ ಮಾರುವವನಾದರೆ ಆಗೋದು ಇದೇ.

ನಮ್ಮಲ್ಲೂ ಈಗ ಎಲ್ಲ ಆನ್‌ಲೈನ್ ಆಗಿದೆ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಬಂದವು. ನಿಜಕ್ಕೂ ದೊಡ್ಡ ಕೆಲಸ. ಆದರೆ ಡೇಟಾಬೇಸ್ ಜೊತೆ ದುಡಿಯೋ ನಮಗೆ ಗೊತ್ತು, ಒಳಗೆ ಹಾಕಿದ ಸುಳ್ಳನ್ನೂ ಅದು ಅಷ್ಟೇ ಶ್ರದ್ಧೆಯಿಂದ ಕಾಪಾಡುತ್ತೆ. ಇನ್ನೊಂದು ವಿಷಯ: 1908ರ ನೋಂದಣಿ ಕಾಯ್ದೆಯಡಿ ರಿಜಿಸ್ಟರ್ ಆಗೋದು ಪತ್ರ ಮಾತ್ರ. ಮಾರಿದವನು ನಿಜವಾದ ಮಾಲೀಕ ಅನ್ನೋ ಗ್ಯಾರಂಟಿಯನ್ನ ಸಬ್ ರಿಜಿಸ್ಟ್ರಾರ್ ಕೊಡಲ್ಲ.

ಹಾಗಾಗಿ ಸೈಟ್ ನೋಡೋಕೆ ಹೋದಾಗ ಮಾರುವವನು ಕೊಟ್ಟ ಜೆರಾಕ್ಸ್ ಮೇಲೆ ತೀರ್ಮಾನ ಮಾಡಬೇಡಿ. ದೃಢೀಕೃತ ನಕಲನ್ನ ನೀವೇ ಕಚೇರಿಯಿಂದ ತೆಗೆಸಿ. ಬಿಲ್ಡರ್ ಪರಿಚಯಿಸಿದ ಲಾಯರ್ ಬೇಡ, ನಿಮ್ಮವರೇ ಒಬ್ಬರು ಓದಲಿ. ಹಳೇ ತಾಮ್ರಪಟಗಳಲ್ಲಿ ರಾಜರ ಹೊಗಳಿಕೆ ಸಂಸ್ಕೃತದಲ್ಲಿದ್ದರೂ ಎಷ್ಟೋ ಕಡೆ ಎಲ್ಲೆಗಳನ್ನ ಕನ್ನಡದಲ್ಲೇ ಬರೆದಿರ್ತಾರೆ. ಯಾವ ಹಳ್ಳ, ಯಾವ ಮರ, ಯಾರ ಗದ್ದೆ ಅನ್ನೋದು ಅಲ್ಲಿ ಬದುಕುವವರಿಗೆ ಗೊತ್ತಾಗಬೇಕಲ್ಲ. ನಿಮ್ಮ ಕ್ರಯಪತ್ರದಲ್ಲೂ ಚಕ್ಕುಬಂದಿ ಇರುತ್ತೆ. ಆ ನಾಲ್ಕು ದಿಕ್ಕಿನ ನಾಲ್ಕು ಮನೆ ಬಾಗಿಲು ತಟ್ಟಿ, ಈ ಜಾಗ ಯಾರದ್ದು ಅಂತ ಕೇಳಿ. ಒಂದು ಭಾನುವಾರ ಹೋಗುತ್ತೆ, ಅಷ್ಟೇ.